ಆಲಿಸಳ ಲಂಗಕ್ಕೆ ಯಾವ ಬಣ್ಣ?

ಲೂಯಿಸ್ ಕ್ಯಾರಲ್‌ನ 'ಆಲಿಸ್ಸ್ ಅಡ್ವೆಂಚರ್ಸ್ ಇನ್ ವಂಡರ್‌ಲ್ಯಾಂಡ್' ಕಾದಂಬರಿಗೆ (ಬಿಳಿ ಮೊಲವೊಂದರ ಬೆನ್ನು ಹತ್ತಿ ಬಿಲದೊಳಗಿನ ವಿಚಿತ್ರ ಲೋಕಕ್ಕೆ ಬೀಳುವ ಪುಟ್ಟ ಹುಡುಗಿ ಆಲಿಸಳ ಕಥೆ) ಹೊಸ ಕಾಲದ ಕಲಾವಿದರು ಬರೆಯುತ್ತಿರುವ ಚಿತ್ರಗಳ ಬಗ್ಗೆ ಉತ್ತರ ಕನ್ನಡದ ಓದುಗರು ಕೇಳಿರುವ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ಮೊಮ್ಮಗಳಿಗೆ ಉಡುಗೊರೆಯಾಗಿ ಬಂದ ಪುಸ್ತಕದಲ್ಲಿ ಆಲಿಸ್ ತೋಳಿಲ್ಲದ ಗಿಡ್ಡ ಅಂಗಿ ತೊಟ್ಟು, ಕ್ಯಾನ್ವಾಸ್ ಬೂಟು ಹಾಕಿಕೊಂಡಿದ್ದಾಳೆ. ನಾನು ಮಕ್ಕಳಿಗೆ ತೋರಿಸುತ್ತಿದ್ದ ಹಳೆಯ ಆಲಿಸ್ ಇವಳಲ್ಲ. ಮೂಲವನ್ನು ಹೀಗೆ ತಿದ್ದುವುದು ಲೇಖಕನಿಗೆ ಮಾಡುವ ಅಪಚಾರವಲ್ಲವೆ? (ನಿವೃತ್ತ ಶಿಕ್ಷಕರು, ಕಾರವಾರ)

ಉತ್ತರ: ತಾವು ಮೂಲವೆಂದು ಕರೆಯುತ್ತಿರುವುದು ಲೇಖಕನ ಮಾತಲ್ಲ, ಒಬ್ಬ ಚಿತ್ರಕಾರ ಆ ಮಾತನ್ನು ಓದಿಕೊಂಡ ಬಗೆ. ಕ್ಯಾರಲ್ ತನ್ನ ನಾಯಕಿಯ ರೂಪವನ್ನು ಎಲ್ಲಿಯೂ ಕುಳಿತು ವರ್ಣಿಸಿಲ್ಲ. ತನ್ನ ಕೂದಲು ಪರಿಚಯದ ಇನ್ನೊಬ್ಬ ಹುಡುಗಿಯದರಂತೆ ಸುರುಳಿಸುರುಳಿಯಾಗಿಲ್ಲವೆಂದು ಅವಳೇ ಒಂದೆಡೆ ಅಂದುಕೊಳ್ಳುತ್ತಾಳೆ. ನಿನ್ನ ಕೂದಲು ಕತ್ತರಿಸಬೇಕಾಗಿದೆ ಎಂದು ಚಹಾಕೂಟದಲ್ಲಿ ಟೋಪಿಯವನು ಚುಚ್ಚುತ್ತಾನೆ. ಪಠ್ಯದಿಂದ ನಮಗೆ ಸಿಗುವುದು ಹೆಚ್ಚುಕಡಿಮೆ ಇಷ್ಟೇ.

ಅವಳನ್ನು ಮೊದಲು ಚಿತ್ರಿಸಿದವನು ಕ್ಯಾರಲ್ಲನೇ. 1864ರ ನವೆಂಬರಿನಲ್ಲಿ ಅವನು ಆಲಿಸ್ ಲಿಡೆಲ್ ಎಂಬ ಹುಡುಗಿಗೆ ಈ ಕಥೆಯ ಕೈಬರಹದ ಪ್ರತಿಯನ್ನು ಕೊಟ್ಟಾಗ ಅದರಲ್ಲಿ ಅವನೇ ಬರೆದ 37 ಚಿತ್ರಗಳಿದ್ದವು. ಲಿಡೆಲ್ ಮನೆತನದ ಆ ಹುಡುಗಿಯದೋ ಹಣೆಗೆ ನೇರವಾಗಿ ಕತ್ತರಿಸಿದ ಗಿಡ್ಡ ಕಪ್ಪು ಕೂದಲು. ಮರುವರ್ಷ ಪುಸ್ತಕ ಅಚ್ಚಾಗುವಾಗ 'ಪಂಚ್' ಪತ್ರಿಕೆಯ ವ್ಯಂಗ್ಯಚಿತ್ರಕಾರ ಜಾನ್ ಟೆನಿಯಲ್ 42 ಚಿತ್ರಗಳನ್ನು ಬರೆದುಕೊಟ್ಟ. ಉದ್ದನೆಯ ತಿಳಿಗೂದಲಿನ, ಗಂಭೀರ ಮುಖದ, ತಮ್ಮ ನೆನಪಿನಲ್ಲಿರುವ ಆಲಿಸ್ ಹುಟ್ಟಿದ್ದು ಆಗ. ಟೋಪಿಯವನ ಟೋಪಿಗೆ ಸಿಕ್ಕಿಸಿದ '10/6' (ಹತ್ತು ಶಿಲಿಂಗ್ ಆರು ಪೆನ್ಸ್) ಎಂಬ ಬೆಲೆಚೀಟಿಯೂ ಟೆನಿಯಲ್ಲನ ಕೈಚಳಕವೇ ಹೊರತು ಕಥೆಯಲ್ಲಿ ಇಲ್ಲ. ಅಚ್ಚು ತನಗೆ ಒಪ್ಪಿಗೆಯಾಗಲಿಲ್ಲವೆಂದು ಅವನು ಹೇಳಿದ್ದಕ್ಕೆ ಮೊದಲ ಮುದ್ರಣದ 2000 ಪ್ರತಿಗಳನ್ನೇ ಹಿಂದಕ್ಕೆ ತೆಗೆದುಕೊಳ್ಳಲಾಯಿತು. 1871ರಲ್ಲಿ ಬಂದ ಎರಡನೆಯ ಆಲಿಸ್ ಪುಸ್ತಕದಲ್ಲಂತೂ, ವಿಗ್ ಹಾಕಿಕೊಂಡ ಕಣಜವನ್ನು ಚಿತ್ರಿಸುವುದು ಕಲೆಗೆ ಮೀರಿದ್ದೆಂದು ಟೆನಿಯಲ್ ಹಟ ಹಿಡಿದದ್ದರಿಂದ ಲೇಖಕ ಆ ಇಡೀ ಪ್ರಸಂಗವನ್ನೇ ಕೈಬಿಟ್ಟ. ಚಿತ್ರಕಾರ ಪಠ್ಯವನ್ನು ತಿದ್ದುವುದು ಅಪಚಾರವಾದರೆ ಮೊದಲ ಅಪಚಾರಿ ತಮ್ಮ ಪ್ರೀತಿಯ ಟೆನಿಯಲ್ಲನೇ ಆಗುತ್ತಾನೆ.

1907ರಲ್ಲಿ ಬ್ರಿಟನ್ನಿನಲ್ಲಿ ಆ ಕೃತಿಯ ಹಕ್ಕುಸ್ವಾಮ್ಯ ಮುಗಿದದ್ದೇ ತಡ, ಆರ್ಥರ್ ರಾಕಮ್ ಸೇರಿದಂತೆ ಹಲವು ಚಿತ್ರಕಾರರು ಅದೇ ವರ್ಷ ತಮ್ಮ ತಮ್ಮ ಆಲಿಸಳನ್ನು ಹೊರತಂದರು. ರಾಕಮ್ಮನ ಗಂಟುಗಂಟಾದ ಮರಗಳು ಮತ್ತು ಮಂಕು ಬಣ್ಣಗಳು ಕಥೆಯ ಅಡಿಯಲ್ಲಿದ್ದ ಭಯವನ್ನು ಮೇಲಕ್ಕೆ ತಂದವು. 1966ರಲ್ಲಿ ಫಿನ್‌ಲೆಂಡಿನ ಟೂವ್ ಯಾನ್ಸನ್ ಸ್ವೀಡಿಷ್ ಆವೃತ್ತಿಗೆ ಚಿತ್ರ ಬರೆದರು. 1967ರಲ್ಲಿ ರಾಲ್ಫ್ ಸ್ಟೆಡ್‌ಮನ್ ಬಿಳಿ ಮೊಲವನ್ನು ಬೆಳಗಿನ ರೈಲಿಗೆ ಓಡುವ ಕಚೇರಿ ನೌಕರನನ್ನಾಗಿಸಿದ. 1969ರ ಸಾಲ್ವಡಾರ್ ಡಾಲಿಯ ಚಿತ್ರಗಳಲ್ಲಿ ಆಲಿಸ್ ಹಗ್ಗದಾಟವಾಡುವ ಒಂದು ನೆರಳು ಮಾತ್ರ. ತಮ್ಮ ಮೊಮ್ಮಗಳ ಪುಸ್ತಕ ಬಹುಶಃ ಹೆಲೆನ್ ಆಕ್ಸೆನ್‌ಬರಿ ಅವರ 1999ರ ಆವೃತ್ತಿಯಾಗಿರಬೇಕು. ಅದಕ್ಕೆ ಇಂಗ್ಲೆಂಡಿನ ಪ್ರತಿಷ್ಠಿತ ಕೇಟ್ ಗ್ರೀನವೇ ಪದಕ ಬಂದಿದೆ. ಆ ಹುಡುಗಿ ಬಿದ್ದು ಎದ್ದು ಓಡಬಲ್ಲವಳು. ಮೊಲದ ಬಿಲಕ್ಕೆ ಹಿಂದುಮುಂದು ನೋಡದೆ ನುಗ್ಗುವವಳಿಗೆ ಕ್ಯಾನ್ವಾಸ್ ಬೂಟು ಒಪ್ಪುತ್ತದೆ ಎಂದೇ ನನ್ನ ಅಭಿಪ್ರಾಯ.

ಇಷ್ಟು ಹೇಳಿದ ಮೇಲೆ ಹೊಸದೆಲ್ಲವೂ ಚೆನ್ನವೆಂದು ನಾನು ವಾದಿಸುತ್ತಿಲ್ಲ. ಜಪಾನಿನ ಯಾಯೊಯಿ ಕುಸಾಮಾ ಅವರ 2012ರ ಆವೃತ್ತಿಯ ಚುಕ್ಕಿಗಳನ್ನು ನೋಡುವಾಗ ನನಗೆ ಕಾಣುವುದು ಕುಸಾಮಾ ಮಾತ್ರ, ಆಲಿಸ್ ಅಲ್ಲ. ಚಿತ್ರ ನೋಡಿದ ಮೇಲೆ ಪುಟ ತಿರುವಿ ಆ ವಾಕ್ಯವನ್ನು ಮತ್ತೊಮ್ಮೆ ಓದಬೇಕೆನ್ನಿಸಿತೆ ಎಂಬುದೇ ನಾನು ಇಟ್ಟುಕೊಂಡಿರುವ ಅಳತೆಗೋಲು. ನಾ. ಕಸ್ತೂರಿಯವರು ಇದೇ ಕಥೆಯನ್ನು 'ಪಾತಾಳದಲ್ಲಿ ಪಾಪಚ್ಚಿ' ಎಂದು ಕನ್ನಡಕ್ಕೆ ತಂದಾಗ ಹುಡುಗಿಯ ಹೆಸರೇ ಬದಲಾಯಿತಲ್ಲ. ಹೆಸರು ಬದಲಾದದ್ದನ್ನು ಅಕ್ಕರೆಯಿಂದ ಒಪ್ಪಿಕೊಂಡ ನಾವು ಬೂಟು ಬದಲಾದದ್ದಕ್ಕೆ ಮುನಿಸಿಕೊಳ್ಳುವುದು ಸರಿಯೆ?

ಪ್ರಶ್ನೆ: ನಾನು ಚಿತ್ರಕಲೆಯ ವಿದ್ಯಾರ್ಥಿನಿ. ಆಲಿಸಳ ಕಥೆಯನ್ನು ನಮ್ಮ ಕಡೆಯ ಹಸೆ ಚಿತ್ತಾರದಲ್ಲೋ ಕಾವಿ ಕಲೆಯಲ್ಲೋ ಬರೆಯಬೇಕೆಂದಿದ್ದೇನೆ. ಯಾವುದು ಸೂಕ್ತ? ಆಲಿಸಳಿಗೆ ಸೀರೆ ಉಡಿಸಬಹುದೆ? (ಶಿರಸಿ)

ಉತ್ತರ: ಸೀರೆಯ ಮಾತನ್ನು ಕೊನೆಗೆ ಇಟ್ಟುಕೊಳ್ಳೋಣ, ಮೊದಲು ಕೈಯ ಮಾತು. ಟೆನಿಯಲ್ ಬರೆದ ಗೆರೆಗಳನ್ನು ಡಾಲ್ಜಿಯಲ್ ಸಹೋದರರ ಕಾರ್ಯಾಗಾರದವರು ಗಟ್ಟಿ ಬಾಕ್ಸ್‌ವುಡ್ ಮರದ ಅಚ್ಚಿನ ಮೇಲೆ ಕೆತ್ತಿದರು. ಮರದಚ್ಚಿನಲ್ಲಿ ಉಳಿ ತೆಗೆದುಹಾಕಿದ್ದು ಕಾಗದದ ಮೇಲೆ ಬಿಳಿಯಾಗುತ್ತದೆ, ಉಳಿಸಿದ್ದು ಕಪ್ಪಾಗುತ್ತದೆ. ಈಗ ನಿಮ್ಮೂರಿನ ಮಾರಿಕಾಂಬಾ ದೇವಾಲಯದ ಪ್ರಾಂಗಣದ ಕಾವಿ ಚಿತ್ರಗಳನ್ನು ನೆನೆಯಿರಿ. ಅಂಕೋಲಾ, ಕುಮಟಾ, ಹೊನ್ನಾವರದ ಹಳೆಯ ಗುಡಿಗಳಲ್ಲೂ ಇದೇ ಪದ್ಧತಿ: ಚಿಪ್ಪಿನ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು ಬೆರೆಸಿದ ಇನ್ನೊಂದು ಪದರ ಬಳಿದು, ಅದು ಒಣಗುವ ಮೊದಲೇ ಮೊನಚು ಸಲಕರಣೆಯಿಂದ ಕೆರೆದರೆ ಅಡಿಯ ಬಿಳಿ ಹೊರಗೆ ಬರುತ್ತದೆ. ಲಂಡನ್ನಿನ ಕೆತ್ತನೆಗಾರನೂ ನಮ್ಮ ಕರಾವಳಿಯ ಕಾವಿ ಕಲಾವಿದನೂ ಒಬ್ಬರನ್ನೊಬ್ಬರು ಕಂಡವರಲ್ಲ, ಆದರೆ ಇಬ್ಬರೂ ಬೆಳಕನ್ನು ಬರೆಯುವುದಿಲ್ಲ, ಕತ್ತಲನ್ನು ಕೆರೆದು ಹೊರತೆಗೆಯುತ್ತಾರೆ. ಹೀಗಾಗಿ ಟೆನಿಯಲ್ಲನ ಕಪ್ಪು ಬಿಳುಪಿಗೆ ಉತ್ತರ ಕೊಡುವ ಶಕ್ತಿ ಕೆಂಪು ಬಿಳುಪಿನ ಕಾವಿಗೆ ಸಹಜವಾಗಿಯೇ ಇದೆ. ಬಾಲದಿಂದ ಶುರುವಾಗಿ ಮೆಲ್ಲಗೆ ಮಾಯವಾಗಿ ಕೊನೆಗೆ ನಗೆಯನ್ನಷ್ಟೇ ಉಳಿಸಿ ಹೋಗುವ ಚೆಷೈರ್ ಬೆಕ್ಕನ್ನು ಕಾವಿಯಲ್ಲಿ ಊಹಿಸಿಕೊಳ್ಳಿ: ನೀವು ಕೆರೆಯಬೇಕಾದ್ದು ಹಲ್ಲಿನ ಸಾಲನ್ನು ಮಾತ್ರ, ಉಳಿದದ್ದೆಲ್ಲ ಕೆಮ್ಮಣ್ಣೇ.

ಹಸೆ ಚಿತ್ತಾರದ ಸ್ವಭಾವ ಬೇರೆ. ದೀವರ ಹೆಂಗಸರು ಮದುವೆಯ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ, ಅಕ್ಕಿ ಹಿಟ್ಟಿನ ಬಿಳುಪು, ಹುರಿದು ಕರಿಯಾಗಿಸಿದ ಅಕ್ಕಿಯ ಕಪ್ಪು, ಗುರಿಗೆಯ ಹಳದಿಗಳಲ್ಲಿ ಎಳೆಯುವ ಆ ಗೆರೆಗಳಿಗೆ ಮುಖಭಾವ ಬೇಕಿಲ್ಲ. ಮದುಮಕ್ಕಳು ಕೂಡ ಅಲ್ಲಿ ತ್ರಿಕೋನ ಮತ್ತು ಕಡ್ಡಿಗಳೇ. ಬೆಕ್ಕಿನ ನಗೆಗೆ, ಆಮೆಯ ಅಳುವಿಗೆ ಅಲ್ಲಿ ಜಾಗ ಸಿಗುವುದು ಕಷ್ಟ. ಆದರೆ ಇಸ್ಪೀಟು ಎಲೆಗಳ ಮೆರವಣಿಗೆಗೆ, ಎರಡನೆಯ ಪುಸ್ತಕದ ಚದುರಂಗದ ಮನೆಗಳಂತಹ ಬಯಲಿಗೆ ಅದಕ್ಕಿಂತ ಒಳ್ಳೆಯ ಭಾಷೆಯನ್ನು ನಾನು ಕಾಣೆ. ಇಸ್ಪೀಟಿನ ಆಳುಗಳಿಗೂ ಮುಖವಿಲ್ಲ, ಚೌಕಟ್ಟು ಮಾತ್ರ ಇದೆ. ಬರೆಯುವ ಮೊದಲು ಅದನ್ನು ಬಲ್ಲ ಹಿರಿಯ ಹೆಂಗಸೊಬ್ಬರ ಪಕ್ಕ ಕುಳಿತು ಕಲಿಯಿರಿ. ಮುಂದೆ ಪುಸ್ತಕವಾದರೆ ಅವರ ಹೆಸರನ್ನೂ ಹಾಕಿ, ಸಂಭಾವನೆಯನ್ನೂ ಕೊಡಿ.

ಇನ್ನು ಸೀರೆ. ಸೀರೆ ಉಡಿಸಿ ತೆಂಗಿನ ಮರ ನಿಲ್ಲಿಸಿದ ಮಾತ್ರಕ್ಕೆ ಕಥೆ ಕನ್ನಡದ್ದಾಗುವುದಿಲ್ಲ, ಮತ್ತು ಏಳು ವರ್ಷದ ಹುಡುಗಿಗೆ ಸೀರೆ ಏಕೆ ಎಂಬುದು ನನ್ನ ಮರುಪ್ರಶ್ನೆ. ಊರಿನದನ್ನು ತರುವಾಗ ಮೂಲದ ತಮಾಷೆ ಸೋರಿಹೋಗದಂತೆ ನೋಡಿಕೊಳ್ಳಬೇಕು. ಕಡಲಾಮೆಗಳು ಮೊಟ್ಟೆಯಿಡಲು ಬರುವ ಕರಾವಳಿ ನಮ್ಮದು. ಹಾಗಾಗಿ ಕಥೆಯಲ್ಲಿ ಅಳುತ್ತಲೇ ಇರುವ 'ಮಾಕ್ ಟರ್ಟಲ್' (ನಕಲಿ ಆಮೆ) ಪಾತ್ರಕ್ಕೆ ಕಾರವಾರದ ಕಡಲಾಮೆಯನ್ನೇ ಬರೆಯುವ ಆಸೆ ನಿಮಗೆ ಆಗದೆ ಇರದು. ಆದರೆ ಆ ಹೆಸರು ಆಮೆಯ ಸಾರಿನ ಬದಲಿಗೆ ಕರುವಿನ ತಲೆಯಿಂದ ಮಾಡುತ್ತಿದ್ದ ನಕಲಿ ಸಾರಿನದು. ಆದ್ದರಿಂದಲೇ ಟೆನಿಯಲ್ ಆಮೆಯ ಚಿಪ್ಪಿಗೆ ಕರುವಿನ ತಲೆ, ಗೊರಸು, ಬಾಲಗಳನ್ನು ಅಂಟಿಸಿದ. ಬರೀ ಆಮೆ ಬರೆದರೆ ಚಿತ್ರ ಚೆಂದವಾಗಬಹುದು, ನಗು ಮಾತ್ರ ಹೋಯಿತು.

ಪ್ರಶ್ನೆ: ಚಿತ್ರವಿಲ್ಲದೆ ಓದಿ ಹೇಳಿದರೆ ಮಗುವಿನ ಕಲ್ಪನೆ ಹೆಚ್ಚು ಬೆಳೆಯುವುದಿಲ್ಲವೆ? (ಗೃಹಿಣಿ, ಭಟ್ಕಳ)

ಉತ್ತರ: ಬೇರೆ ಕಥೆಗಳಿಗೆ ಈ ಮಾತು ಸಲ್ಲಬಹುದು, ಇದಕ್ಕೆ ಸಲ್ಲದು. ಚಿತ್ರವಾಗಲಿ ಸಂಭಾಷಣೆಯಾಗಲಿ ಇಲ್ಲದ ಪುಸ್ತಕದಿಂದ ಏನು ಪ್ರಯೋಜನ ಎಂಬ ಆಲಿಸಳ ಬೇಸರದಿಂದಲೇ ಈ ಕಥೆ ತೆರೆದುಕೊಳ್ಳುತ್ತದೆ. ಮುಂದೆ ಗ್ರಿಫನ್ ಎಂಬ ಪ್ರಾಣಿ ಬಂದಾಗ ಅದು ಏನೆಂದು ಗೊತ್ತಿಲ್ಲದಿದ್ದರೆ ಚಿತ್ರ ನೋಡಿ ಎಂದು ಕ್ಯಾರಲ್ ಕೈತೊಳೆದುಕೊಳ್ಳುತ್ತಾನೆ. ಎರಡನೆಯ ಪುಸ್ತಕದಲ್ಲಿ ಆಲಿಸ್ ಕನ್ನಡಿಯೊಳಕ್ಕೆ ಹೋಗುವ ಚಿತ್ರ ಹಾಳೆಯ ಒಂದು ಬದಿಗಿದ್ದರೆ ಆಚೆಗೆ ಹೊರಬರುವ ಚಿತ್ರ ಅದೇ ಹಾಳೆಯ ಬೆನ್ನಿಗಿತ್ತು. ಪುಟ ತಿರುಗಿಸುವ ಮಗುವಿನ ಬೆರಳೇ ಅವಳನ್ನು ಕನ್ನಡಿ ದಾಟಿಸುತ್ತಿತ್ತು. ನಂತರ ಬಂದ ಎಷ್ಟೋ ಮುದ್ರಣಗಳು ಈ ಜೋಡಣೆಯನ್ನು ಗಮನಿಸದೆ ಎರಡನ್ನೂ ಎದುರುಬದುರು ಪುಟಗಳಿಗೆ ಹಾಕಿ ಕೆಡಿಸಿವೆ.

ಪ್ರಶ್ನೆ: ಬೇಸಿಗೆ ಶಿಬಿರದ ಗೋಡೆಯ ಮೇಲೆ ಹಾರ್ಟಿನ ರಾಣಿಯನ್ನು ಯಕ್ಷಗಾನದ ಹೆಣ್ಣು ಬಣ್ಣದ (ರಕ್ಕಸಿಯ) ವೇಷದಲ್ಲಿ ಬರೆಯಿಸಿದೆವು. ಸಣ್ಣ ಮಕ್ಕಳು ಹೆದರಿ ಅತ್ತರು. ನಮ್ಮಿಂದ ತಪ್ಪಾಯಿತೆ? (ಹವ್ಯಾಸಿ ಕಲಾವಿದರು, ಹೊನ್ನಾವರ)

ಉತ್ತರ: ಆಲೋಚನೆ ಸೊಗಸಾಗಿದೆ, ಪಾತ್ರವನ್ನು ಅರ್ಧ ಮಾತ್ರ ಓದಿದ್ದೀರಿ. ರಾಣಿಯ ಬಾಯಲ್ಲಿ ತಲೆ ಕಡಿಯಿರಿ ಎಂಬ ಆರ್ಭಟ ತಪ್ಪದೆ ಇದ್ದರೂ, ಅಲ್ಲಿ ಯಾರ ತಲೆಯೂ ಹೋಗುವುದಿಲ್ಲವೆಂದು ಗ್ರಿಫನ್ ನಗುತ್ತಲೇ ಆಲಿಸಳಿಗೆ ಹೇಳಿಬಿಡುತ್ತದೆ. ಕೆಂಪು ಕಪ್ಪು ಬಳಿದು ಬಿಳಿಯ ಚಿಟ್ಟಿ ಇಟ್ಟ ಶೂರ್ಪನಖಿಯ ಮುಖ ರಾಣಿಗೆ ಇರಲಿ, ಅಡ್ಡಿಯಿಲ್ಲ. ಪಕ್ಕದಲ್ಲಿ ರಾಜನನ್ನು ಹಾಸ್ಯಗಾರನ ವೇಷದಲ್ಲಿ ನಿಲ್ಲಿಸಿ, ಅವಳ ಬೆನ್ನ ಹಿಂದೆ ಎಲ್ಲರಿಗೂ ಕ್ಷಮೆ ಕೊಡುತ್ತಿರುವಂತೆ ಬರೆಯಿಸಿ. ಕಥೆಯಲ್ಲಿ ರಾಜ ಮಾಡುವುದೂ ಅದನ್ನೇ. ನಮ್ಮ ಬಯಲಾಟದಲ್ಲಿಯೂ ರಕ್ಕಸನ ಆರ್ಭಟಕ್ಕೆ ಬೆಚ್ಚಿದ ಮಗುವನ್ನು ನಗಿಸಿ ಮತ್ತೆ ರಂಗದತ್ತ ತಿರುಗಿಸುವವನು ಹಾಸ್ಯಗಾರನೇ ತಾನೆ?

ಪ್ರಶ್ನೆ: ಶಾಲೆಯ ಕೈಬರಹ ಪತ್ರಿಕೆಯಲ್ಲಿ ಹಳೆಯ ಚಿತ್ರಗಳನ್ನು ಬಳಸಲು ಅನುಮತಿ ಬೇಕೆ? (ಕುಮಟಾ)

ಉತ್ತರ: ನಮ್ಮ ಕಾಯಿದೆಯಂತೆ ಕರ್ತೃವಿನ ಮರಣಾನಂತರ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಟೆನಿಯಲ್ ತೀರಿಕೊಂಡದ್ದು 1914ರಲ್ಲಿ, ರಾಕಮ್ 1939ರಲ್ಲಿ. ಇಬ್ಬರದನ್ನೂ ಧಾರಾಳವಾಗಿ ಬಳಸಿರಿ. ಡಾಲಿ, ಯಾನ್ಸನ್, ಆಕ್ಸೆನ್‌ಬರಿ ಅವರ ಚಿತ್ರಗಳನ್ನು ಕೇಳದೆ ಅಚ್ಚು ಹಾಕಬಾರದು. ಮಕ್ಕಳೇ ಬರೆದ ಚಿತ್ರಗಳಿದ್ದರೆ ಈ ಪ್ರಶ್ನೆಯೇ ಏಳುವುದಿಲ್ಲ.

ಪ್ರಶ್ನೆ: ಹಳೆಯ ಪುಸ್ತಕದ ಕಪ್ಪು ಬಿಳುಪು ಚಿತ್ರಗಳಿಗೆಲ್ಲ ಮಗಳು ಕ್ರೆಯಾನ್ ಬಳಿದಿದ್ದಾಳೆ. ಆಲಿಸಳ ಲಂಗಕ್ಕೆ ನೀಲಿ ಹಚ್ಚಬೇಕೆಂಬುದೂ ಅವಳಿಗೆ ಗೊತ್ತಿಲ್ಲ. ಪುಸ್ತಕ ಹಾಳಾಯಿತೆಂದು ಮನೆಯವರು ಬೈಯುತ್ತಿದ್ದಾರೆ. (ಅಂಕೋಲಾ)

ಉತ್ತರ: ನೀಲಿಯೇ ಆಗಬೇಕೆಂದು ಯಾರು ಹೇಳಿದರು? 1890ರಲ್ಲಿ ಕ್ಯಾರಲ್ ತೀರ ಚಿಕ್ಕ ಮಕ್ಕಳಿಗಾಗಿ 'ದಿ ನರ್ಸರಿ ಆಲಿಸ್' ಹೊರತಂದಾಗ ಟೆನಿಯಲ್ಲನ 20 ಚಿತ್ರಗಳನ್ನು ದೊಡ್ಡದು ಮಾಡಿ ಬಣ್ಣ ಹಾಕಲಾಯಿತು, ಮತ್ತು ಅದರಲ್ಲಿ ಲಂಗದ ಬಣ್ಣ ಹಳದಿ. ನೀಲಿ ಬಂದದ್ದು ಇಪ್ಪತ್ತನೆಯ ಶತಮಾನದ ಮುದ್ರಣಗಳಿಂದ; ಅದನ್ನು ಜಗತ್ತಿನ ತಲೆಯಲ್ಲಿ ಗಟ್ಟಿಮಾಡಿದ್ದು 1951ರ ಡಿಸ್ನಿ ಚಲನಚಿತ್ರ. ಮನೆಯವರಿಗೆ ಇದನ್ನು ಓದಿ ಹೇಳಿ. ಅಂದಹಾಗೆ, ಮಗಳು ಹಚ್ಚಿದ್ದು ಯಾವ ಬಣ್ಣವೆಂದು ತಾವು ಬರೆದೇ ಇಲ್ಲ.