ಅಡವಿನ ಚಿನ್ನ, ಬರೆಯದ ಮೊತ್ತ

ಪ್ರಶ್ನೆ: ಅಮ್ಮ ನಮ್ಮೂರಿನ ಸರ್ವಿಸ್ ಸಹಕಾರಿ ಬ್ಯಾಂಕಿನಲ್ಲಿ ಆರು ಪವನು (48 ಗ್ರಾಂ) ಚಿನ್ನ ಅಡವಿಟ್ಟು, ವರ್ಷ ವರ್ಷ ಬಡ್ಡಿ ಕಟ್ಟಿ ನವೀಕರಿಸುತ್ತಿದ್ದರು. ಬಿಡಿಸಲು ಹೋದರೆ, ಪಡೆದದ್ದಕ್ಕಿಂತ 90,000 ರೂ. ಹೆಚ್ಚು ಸಾಲ ತೋರಿಸುತ್ತಿದೆ. ‘ಒಂದು ವಾರದಲ್ಲಿ ಸರಿಮಾಡುತ್ತೇನೆ, ಯಾರಿಗೂ ಹೇಳಬೇಡಿ’ ಎನ್ನುತ್ತಾರೆ ಸೆಕ್ರೆಟರಿ.
- ಓದುಗರು, ಕುಂಬಳೆ (ಕೇರಳ)

ಉತ್ತರ: ಆ ಒಂದು ವಾರ ಕೊಡಬೇಡಿ. ದಾಖಲೆ ತಿದ್ದಲು ಅಷ್ಟು ಧಾರಾಳ ಸಾಕು.

ನವೀಕರಣವೆಂದರೆ ಹಳೇ ಸಾಲ ಮುಚ್ಚಿ ಹೊಸ ನಂಬರಿನಲ್ಲಿ ಹೊಸ ಸಾಲ ಬರೆಯುವುದು. ಒಡವೆಯ ಚೀಲ ಸೇಫಿನಿಂದ ಅಲ್ಲಾಡುವುದೇ ಇಲ್ಲ. ಚಿನ್ನದ ದರ ಏರಿದ್ದರೆ ಅದೇ 48 ಗ್ರಾಮಿಗೆ ಹೆಚ್ಚು ಸಾಲ ಬರೆಯಬಹುದು. ಮಲಯಾಳದ ಫಾರಮಿಗೆ, ಮೊತ್ತ ತುಂಬುವ ಮೊದಲೇ, ಅಮ್ಮ ಸಹಿ ಹಾಕಿದ್ದರೆ ವೋಚರು ಸರಿಯಾಗಿಯೇ ಇರುತ್ತದೆ; ಹೆಚ್ಚುವರಿ ಹಣ ಮಾತ್ರ ಬೇರೆ ಜೇಬಿಗೆ. ಆಡಿಟ್‌ನವರು ಚೀಲ ತೂಗಿದರೂ ಗುಲಗಂಜಿಯಷ್ಟೂ ಕೊರತೆ ಕಾಣದು.

ಅಮ್ಮನ ಹೆಸರಿನ ಎಲ್ಲ ಸಾಲಗಳ, ಮುಚ್ಚಿದವೂ ಸೇರಿ, ಲೆಡ್ಜರ್ ಪ್ರತಿಯನ್ನು ಬರಹದಲ್ಲಿ ಕೇಳಿ, ಅರ್ಜಿಯ ನಕಲಿಗೆ ಸೀಲು ಹಾಕಿಸಿಕೊಳ್ಳಿ. ಅಡವು ಚೀಟಿ, ಬಡ್ಡಿ ರಶೀದಿಗಳ ನಂಬರು, ತಾರೀಕು, ಮೊತ್ತ ತಾಳೆ ನೋಡಿ. ಸಾಲ ಎಲ್ಲಿ ದಿಢೀರನೆ ಏರಿದೆಯೋ ಆ ದಿನದ ನಗದು ವೋಚರೇ ಮುಖ್ಯ ಸಾಕ್ಷ್ಯ. ಚೀಲ ಬಿಚ್ಚಿಸಿ ಎದುರಲ್ಲೇ ತೂಗಿಸಿ. ಮೂಲ ಚೀಟಿ ಯಾರ ಕೈಗೂ ಬೇಡ, ಜೆರಾಕ್ಸ್ ಸಾಕು. ‘ಸರಿಮಾಡಲು’ ಇನ್ನೊಂದು ಸಹಿ ಕೇಳುತ್ತಾರೆ, ಹಾಕಬೇಡಿ.

ದೂರು ಸಹಕಾರ ಇಲಾಖೆಯ ಸಹಾಯಕ ರಿಜಿಸ್ಟ್ರಾರರಿಗೆ, ಅದರ ನಕಲು ಜಿಲ್ಲಾ ಜಾಯಿಂಟ್ ರಿಜಿಸ್ಟ್ರಾರರಿಗೆ. ಕನ್ನಡದಲ್ಲೇ ಬರೆಯಿರಿ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲಿದೆ. 1969ರ ಕೇರಳ ಸಹಕಾರಿ ಸಂಘಗಳ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ತನಿಖೆ ಕೇಳಿ. 68ನೇ ಸೆಕ್ಷನ್ನಿನಡಿ ತಪ್ಪಿತಸ್ಥರಿಂದ ವಸೂಲಾಗುವ ಹಣ ಸೊಸೈಟಿಗೆ, ಅಂದರೆ ಆ ಬ್ಯಾಂಕಿಗೇ, ಹೋಗುತ್ತದೆ, ನಿಮಗಲ್ಲ. ಅಮ್ಮನ ತಲೆಯ ಮೇಲಿನ ಸುಳ್ಳು ಸಾಲ ಇಳಿಯಬೇಕಾದರೆ 69ನೇ ಸೆಕ್ಷನ್ನಿನಡಿ ಪ್ರತ್ಯೇಕ ವ್ಯಾಜ್ಯ ಹೂಡಬೇಕು. ಪೊಲೀಸ್ ದೂರನ್ನೂ ಕೊಡಿ: ವಿಶ್ವಾಸದ್ರೋಹಕ್ಕೆ ಭಾರತೀಯ ನ್ಯಾಯ ಸಂಹಿತೆಯ 316ನೇ ಸೆಕ್ಷನ್, ಕೃತ್ಯ 2024 ಜುಲೈ 1ಕ್ಕಿಂತ ಹಿಂದಿನದಾದರೆ ಹಳೇ ಐಪಿಸಿ.

ಪ್ರಶ್ನೆ: ಸೊಸೈಟಿಯ ಆಡಿಟ್ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದೇ? ಠೇವಣಿಗೆ ವಿಮೆ ಇದೆಯೇ?
- ಓದುಗರು, ಬದಿಯಡ್ಕ

ಉತ್ತರ: ಸೊಸೈಟಿಯಿಂದ ನೇರವಾಗಿ ಸಿಗದು, ತಲಪ್ಪಲಂ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹಾಗೆ ಹೇಳಿದೆ. ರಿಜಿಸ್ಟ್ರಾರರ ಬಳಿ ಇರುವ ಪ್ರತಿಯನ್ನು ಅವರ ಕಚೇರಿಯಿಂದ ಕೇಳಿ. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯ 5 ಲಕ್ಷ ರೂ. ಠೇವಣಿ ವಿಮೆ ಪ್ರಾಥಮಿಕ ಕೃಷಿ ಸಹಕಾರಿ ಸಂಘಗಳಿಗಿಲ್ಲ, ಬೋರ್ಡಿನಲ್ಲಿ ‘ಬ್ಯಾಂಕ್’ ಎಂದಿದ್ದರೂ. ರಾಜ್ಯದ ಠೇವಣಿ ಗ್ಯಾರಂಟಿ ನಿಧಿಗೆ ನಿಮ್ಮ ಸೊಸೈಟಿ ಸೇರಿದೆಯೇ ಎಂದು ವಿಚಾರಿಸಿ.