ಕೇಳಿ, ಹೇಳ್ತೀವಿ: ಬಾವಿ ಈಜಿನವರು ಹವಳದ ದಿಬ್ಬಕ್ಕೆ ಹೊರಟಾಗ

ಪ್ರಶ್ನೆ: ಮಗ ಸೊಸೆ ಡಿಸೆಂಬರ್‌ಗೆ ನಮ್ಮಿಬ್ಬರಿಗೂ ಅಂಡಮಾನ್ ಟಿಕೆಟ್ ಮಾಡಿಸಿದ್ದಾರೆ. ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದು, ಮಾಡಲೇಬೇಕು ಅಂತ ಹಟ. ನನಗೆ 52 ವರ್ಷ, ಈಜು ಬರಲ್ಲ. ಯಜಮಾನರು ಬಾವಿಯಲ್ಲಿ ಮೀನಿನ ಹಾಗೆ ಈಜುತ್ತಾರೆ, ಆದರೆ ಚಳಿಗಾಲದಲ್ಲಿ ಉಬ್ಬಸ ಬಂದು ಇನ್‌ಹೇಲರ್ ಎಳೆಯುತ್ತಾರೆ. ಅಲ್ಲಿ ಆರೋಗ್ಯದ ಫಾರಂ ಕೊಡ್ತಾರಂತೆ. ಎಲ್ಲದಕ್ಕೂ ‘ಇಲ್ಲ’ ಅಂತ ಟಿಕ್ ಹಾಕಿಬಿಡಿ ಅಂದರು ಬುಕಿಂಗ್ ಮಾಡಿಕೊಟ್ಟವರು. ಹಾಗೆ ಮಾಡಬಹುದಾ?
(ಕ್ಯಾತ್ಸಂದ್ರ, ತುಮಕೂರು)

ಉತ್ತರ: ಬೇಡ, ದಯವಿಟ್ಟು ಬೇಡ. ನಿಮ್ಮ ಮನೆಯಲ್ಲಿ ಲೆಕ್ಕ ಉಲ್ಟಾ ಆಗಿದೆ ನೋಡಿ. ಈಜು ಬರದ ನೀವು ಇಳಿಯಬಹುದು. ಈಜು ಬರುವ ಯಜಮಾನರು ಮೊದಲು ಡಾಕ್ಟರ್ ಹತ್ತಿರ ಹೋಗಬೇಕು.

ಮೊದಲ ಸಲದವರಿಗೆ ಅಂತಲೇ ಇರುವ ಡೈವ್‌ನಲ್ಲಿ ತರಬೇತುದಾರರು ಪಕ್ಕದಲ್ಲೇ ಇರುತ್ತಾರೆ, ಸಾಮಾನ್ಯವಾಗಿ ನಿಮ್ಮ ಸಿಲಿಂಡರ್ ಹಿಡಿದುಕೊಂಡೇ ಕರೆದುಕೊಂಡು ಹೋಗುತ್ತಾರೆ. 12 ಮೀಟರ್‌ಗಿಂತ ಆಳಕ್ಕೆ ಒಯ್ಯುವಂತಿಲ್ಲ. ನಿಮ್ಮ ಕೆಲಸ ಒಂದೇ, ಬಾಯಲ್ಲಿ ನಿಧಾನವಾಗಿ ಉಸಿರಾಡುತ್ತಾ ಇರುವುದು. ಸರ್ಟಿಫಿಕೇಟ್ ಸಿಗುವ ಕೋರ್ಸ್ ಬೇರೆ, ಅದಕ್ಕೆ ಮೂರು ನಾಲ್ಕು ದಿನ ಬೇಕು, ಈಜೂ ಬರಬೇಕು.

ಯಜಮಾನರ ವಿಷಯ. ನೀರಿನಲ್ಲಿ ಪ್ರತಿ 10 ಮೀಟರ್‌ಗೆ ಒಂದು ವಾತಾವರಣದಷ್ಟು, ಅಂದರೆ ನೀರಿನ ಮೇಲೆ ಗಾಳಿ ನಮ್ಮನ್ನು ಒತ್ತುವಷ್ಟೇ, ಒತ್ತಡ ಜಾಸ್ತಿಯಾಗುತ್ತದೆ. ಅಂದರೆ 10 ಮೀಟರ್ ಆಳದಲ್ಲಿ ಎಳೆದುಕೊಂಡ ಒಂದು ಲೀಟರ್ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಲೀಟರ್ ಆಗುತ್ತದೆ. ಅದು ಹೊರಗೆ ಹೋಗಲೇಬೇಕು ತಾನೇ? ಉಬ್ಬಸದಲ್ಲಿ ಶ್ವಾಸನಾಳ ಕಿರಿದಾಗಿ ಗಾಳಿ ಒಳಗೇ ಸಿಕ್ಕಿಹಾಕಿಕೊಂಡರೆ ಶ್ವಾಸಕೋಶವೇ ಹರಿಯಬಹುದು. ಆ ಫಾರಂ ಇರುವುದು ಇದಕ್ಕೇ. ‘ಹೌದು’ ಅಂತ ಬರೆದರೆ ಡಾಕ್ಟರ್ ಚೀಟಿ ಕೇಳುತ್ತಾರೆ, ಅಷ್ಟೇ. ಡಿಸೆಂಬರ್‌ಗೆ ಇನ್ನೂ ಸಮಯ ಇದೆ, ಊರಲ್ಲೇ ತೋರಿಸಿ. ಬೇಡ ಅಂದರೆ ಬೇಡ. ಗಾಜಿನ ತಳದ ದೋಣಿಯಲ್ಲಿ ಕೂತು ಹವಳ ನೋಡಲಿ.

ಇನ್ನೊಂದು ಮಾತು, ಇದು ಬಾವಿ ಈಜಿನವರಿಗೆಲ್ಲ. ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಕಲಿತ ನಾವೆಲ್ಲ ಉಸಿರು ಬಿಗಿಹಿಡಿದು ಮುಳುಗುವುದನ್ನೇ ದೊಡ್ಡಸ್ತಿಕೆ ಅಂದುಕೊಂಡವರು. ಸ್ಕೂಬಾದಲ್ಲಿ ಮೊದಲ ಪಾಠವೇ ಉಸಿರು ಬಿಗಿಹಿಡಿಯಬಾರದು ಅನ್ನುವುದು. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಮೊದಲ ಸಲ ಇಳಿದಾಗ ನಾನು ಮಾಡಿದ ತಪ್ಪೂ ಇದೇ. ತರಬೇತುದಾರರು ಎದೆ ಮೇಲೆ ತಟ್ಟಿ ತಟ್ಟಿ ನೆನಪಿಸಬೇಕಾಯಿತು, ಏನೂ ಬಾರದ ಪಕ್ಕದ ಹುಡುಗಿ ಆರಾಮಾಗಿ ಗುಳ್ಳೆ ಬಿಡುತ್ತಾ ಹೋದಳು!

ನಿಮಗೆ ಕಿವಿ ಬಗ್ಗೆ ಮಾತ್ರ ಹೇಳಬೇಕು. ಶಿರಾಡಿ ಘಾಟಿ ಇಳಿಯುವಾಗ ಕಿವಿ ಗುಂಯ್ ಅನ್ನುತ್ತದಲ್ಲ, ಇಲ್ಲಿ ಅದು ಎರಡು ಮೀಟರ್‌ಗೇ ಶುರು. ಮೂಗು ಹಿಡಿದು ಮೆಲ್ಲಗೆ ಊದಿ. ನೋವು ಬರುವ ಮುಂಚೆಯೇ ಊದಿ, ಇಳಿಯುತ್ತಾ ಮತ್ತೆ ಮತ್ತೆ ಊದಿ. ನೆಗಡಿ ಇದ್ದರೆ ಅವತ್ತು ಇಳಿಯಬೇಡಿ, ದುಡ್ಡು ಹೋದರೂ ಪರವಾಗಿಲ್ಲ.

ಪ್ರಶ್ನೆ: ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಮೂರು ಕಿಲೋಮೀಟರ್ ಇಳಿದವರ ಮೊಮ್ಮಗ ಹತ್ತು ಮೀಟರ್‌ಗೆ ಹೆದರಬೇಕಾ?
(ಕೆಜಿಎಫ್, ಕೋಲಾರ)

ಉತ್ತರ: ತಾತನಿಗೆ ನಮಸ್ಕಾರ. ಆದರೆ ಅವರು ಇಳಿದದ್ದು ಗಾಳಿಯಲ್ಲಿ, ನೀವು ಇಳಿಯುವುದು ನೀರಿನಲ್ಲಿ. ಗಣಿಯ ತಳದಲ್ಲೂ ಗಾಳಿಯ ಒತ್ತಡ ಮೇಲಿನದರ ಎರಡು ಪಟ್ಟು ಆಗುವುದಿಲ್ಲ. ಸಮುದ್ರದಲ್ಲಿ ಹತ್ತೇ ಮೀಟರ್‌ಗೆ ಆಗಿಬಿಡುತ್ತದೆ. ತಾತನ ಕಷ್ಟ ಬಿಸಿ, ದೂಳು, ಬಂಡೆ ಸಿಡಿತ. ಹೆದರಬೇಡಿ, ಹಾಗಂತ ಹೋಲಿಸಲೂ ಬೇಡಿ. ಅಂದಹಾಗೆ ಹವಳದ ದಿಬ್ಬಕ್ಕೂ ಇಂಗ್ಲಿಷಿನಲ್ಲಿ ರೀಫ್ ಅಂತಾರೆ, ಆದರೆ ಗಣಿಯವರ ರೀಫ್ ಅಂದರೆ ಚಿನ್ನ ಇರುವ ಕಲ್ಲಿನ ಪದರ, ಅಲ್ಲಿ ಹವಳ ಹುಡುಕಬೇಡಿ.

ಪ್ರಶ್ನೆ: ಕೊನೆಯ ದಿನ ಬೆಳಿಗ್ಗೆ ಡೈವ್, ಮಧ್ಯಾಹ್ನ ವಿಮಾನ. ದೇವನಹಳ್ಳಿಯಲ್ಲಿ ಇಳಿದರೆ ರಾತ್ರಿ ಊಟಕ್ಕೆ ಮನೆ. ಪ್ಲಾನ್ ಸರಿ ಇದೆಯಾ?
(ಚಿಕ್ಕಬಳ್ಳಾಪುರ)

ಉತ್ತರ: ಸರಿ ಇಲ್ಲ. ಗೋಲಿ ಸೋಡಾ ನೆನಪಿಸಿಕೊಳ್ಳಿ. ಗೋಲಿ ಒತ್ತುವವರೆಗೆ ಗ್ಯಾಸ್ ನೀರಿನಲ್ಲೇ ಕರಗಿ ಸುಮ್ನೆ ಇರುತ್ತದೆ, ಒತ್ತಿದ ತಕ್ಷಣ ಬುಸ್ ಅಂತ ಗುಳ್ಳೆ. ಸಿಲಿಂಡರ್‌ನಲ್ಲಿ ಇರುವುದು ಬರೀ ಆಕ್ಸಿಜನ್ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ, ನಾವು ಉಸಿರಾಡುವ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ. ಅದರಲ್ಲಿನ ನೈಟ್ರೋಜನ್ ಆಳದಲ್ಲಿ ನಿಮ್ಮ ರಕ್ತ, ಮಾಂಸದಲ್ಲಿ ಕರಗಿ ಕೂತಿರುತ್ತದೆ, ನಿಧಾನವಾಗಿ ಹೊರಗೆ ಹೋಗಬೇಕು. ವಿಮಾನ ಹತ್ತಿದರೆ ಸುತ್ತಲಿನ ಒತ್ತಡ ಕಮ್ಮಿಯಾಗುತ್ತದೆ, ಅಂದರೆ ನೀವೇ ಗೋಲಿ ಒತ್ತಿದ ಹಾಗೆ. ಕೀಲು ನೋವಿನಿಂದ ಹಿಡಿದು ಲಕ್ವದವರೆಗೆ ಏನು ಬೇಕಾದರೂ ಆಗಬಹುದು.

ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಎರಡು ಮೂರು ಮಾಡಿದ್ದರೆ ಕನಿಷ್ಠ 18 ಗಂಟೆ ಬಿಟ್ಟು ವಿಮಾನ ಹತ್ತಬೇಕು. ಹಾಗಾಗಿ ಡೈವ್ ಮೊದಲೇ ಮುಗಿಸಿ, ಕೊನೆಯ ದಿನ ಸೆಲ್ಯುಲರ್ ಜೈಲು ನೋಡಿ. ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯಪುರಂ ಅಂತ ಹೆಸರು, ಡೈವಿಂಗ್‌ಗೆ ಹೆಸರಾದ ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ. ಟಿಕೆಟ್‌ನಲ್ಲಿ ಹೊಸ ಹೆಸರು ಕಂಡರೆ ಗಾಬರಿಯಾಗಬೇಡಿ. ನೇತ್ರಾಣಿ ಡೈವ್‌ಗೆ ಅಂತ ಮುರುಡೇಶ್ವರಕ್ಕೆ ಕಾರಿನಲ್ಲಿ ಹೋಗುವವರೂ ಕೇಳಿ: ಎತ್ತರಕ್ಕೆ ಹೋದರೂ ಒತ್ತಡ ಕಮ್ಮಿಯಾಗುತ್ತದೆ, ಡೈವ್ ಮುಗಿದ ಕೂಡಲೇ ಘಾಟಿ ಹತ್ತಬೇಡಿ, ಆ ರಾತ್ರಿ ಮುರುಡೇಶ್ವರದಲ್ಲೇ ಉಳಿಯಿರಿ.

ಪ್ರಶ್ನೆ: ಕುಜ ದೋಷಕ್ಕೆ ಹವಳದ ಉಂಗುರ ಹಾಕಬೇಕು ಅಂದಿದ್ದಾರೆ. ಅಂಡಮಾನ್ ಸಮುದ್ರದಲ್ಲಿ ನಾನೇ ಒಂದು ಚೂರು ಮುರಿದು ತರಬಹುದಾ?
(ಚಿಂತಾಮಣಿ)

ಉತ್ತರ: ಈ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು! ಆದರೆ ತರಬಾರದು. ಉಂಗುರದ ಕೆಂಪು ಹವಳವೇ ಬೇರೆ, ಅದಕ್ಕೆ ಹೆಸರಾಗಿರುವುದು ಮೆಡಿಟರೇನಿಯನ್ ಸಮುದ್ರ. ಅಂಡಮಾನ್ ದಿಬ್ಬದ್ದು ಮುರಿದು ಒಣಗಿಸಿದರೆ ಬಿಳಿ ಸುಣ್ಣದ ಕಲ್ಲು, ಅಷ್ಟೇ. ನೀರಿನಲ್ಲಿ ಕಾಣುವ ಬಣ್ಣ ಬಹುಪಾಲು ಅದರೊಳಗಿನ ಪಾಚಿಯದು. ಸಮುದ್ರ ಬಿಸಿಯಾದರೆ ಆ ಕಲ್ಲು ಕಟ್ಟುವ ಪುಟ್ಟ ಪ್ರಾಣಿ, ಅಂದರೆ ಹವಳದ ಹುಳು, ಆ ಪಾಚಿಯನ್ನು ಹೊರಗೆ ಹಾಕಿ ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗೇ ಆಯಿತು. ಗುಂಡು ಬಂಡೆಯಂಥ ಹವಳ ಬೆಳೆಯುವುದು ವರ್ಷಕ್ಕೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್. ತೆಂಗಿನಕಾಯಿ ಗಾತ್ರದ್ದು ಅಂದರೆ ಎಷ್ಟು ವರ್ಷ ಅಂತ ನೀವೇ ಲೆಕ್ಕ ಹಾಕಿ. ಜೊತೆಗೆ ಇದು 1972ರ ವನ್ಯಜೀವಿ ಕಾಯ್ದೆಯಲ್ಲಿ ರಕ್ಷಣೆ ಇರುವ ಪ್ರಾಣಿ, ಮುರಿದರೆ ಕೇಸು. ಉಂಗುರ ಚಿಂತಾಮಣಿಯ ಅಂಗಡಿಯಲ್ಲೇ ಕೊಳ್ಳಿ. ಮತ್ತೆ, ಡೈವ್ ಮಾಡುವಾಗ ಅದನ್ನು ರೂಮಿನಲ್ಲೇ ಬಿಚ್ಚಿಡಿ, ನೀರಿನಲ್ಲಿ ಬೆರಳು ಮುದುಡಿ ಜಾರಿ ಹೋಗುತ್ತದೆ.