ಪೋಲೊ ಜಿಟಿ ಟಿಎಸ್‌ಐ ಎಂಜಿನ್‌ಗೆ ಒಂದೂವರೆ ಲಕ್ಷ ಹಾಕುವ ಮುನ್ನ

2016ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, 68,000 ಕಿಲೋಮೀಟರ್ ಓಡಿದೆ, ಹುಬ್ಬಳ್ಳಿಯಿಂದ ತಿಂಗಳಿಗೊಮ್ಮೆ ಅಂಕೋಲೆಗೆ ಹೋಗಿ ಹಿಂದಿರುಗುವಾಗ ಅರಬೈಲ್ ಘಾಟಿಯಲ್ಲಿ ಲಾರಿಗಳನ್ನು ಹಿಂದಿಕ್ಕಲು ಪಿಕಪ್ ಸಾಲುತ್ತಿಲ್ಲ, ಕೈಯಲ್ಲಿ ₹1.5 ಲಕ್ಷ ಇದೆ. ಸ್ಟೇಜ್ 1 ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಫೈಲನ್ನಷ್ಟೇ ತಿದ್ದಿ ಬರೆಯುವುದು) ಸಾಕೋ, ಅದರೊಂದಿಗೆ ಡೌನ್‌ಪೈಪ್ (ಎಂಜಿನ್ನಿನ ಹೊಗೆ ಹೊರಹೋಗುವ ಪೈಪು) ಮತ್ತು ಇಂಟೇಕ್ (ಎಂಜಿನ್ ಗಾಳಿ ಎಳೆದುಕೊಳ್ಳುವ ಭಾಗ) ಕೂಡ ಹಾಕಿಸಬೇಕೋ ಎಂದು ಕೇಳಿದ್ದೀರಿ. ಊರು ಮತ್ತು ಅಂಕಿಗಳನ್ನು ಬದಲಿಸಿದರೆ ಇದು 2018ರ ಕೊನೆಯಲ್ಲಿ ನಾನು ಸಿಕ್ಕ ಸಿಕ್ಕವರನ್ನೆಲ್ಲ ಕೇಳುತ್ತಿದ್ದ ಪ್ರಶ್ನೆ. ಆಗ ನನಗೆ ಉತ್ತರಿಸಿದವರೆಲ್ಲ ಯಾವ ಭಾಗ ಒಳ್ಳೆಯದು, ಎಲ್ಲಿ ಬೆಲೆ ಕಡಿಮೆ ಎಂಬುದನ್ನು ಹೇಳಿದರೇ ಹೊರತು, ಟ್ಯಾಂಕಿಗೆ ಯಾವ ಪೆಟ್ರೋಲ್ ಹಾಕಿಸುತ್ತೀರಿ ಎಂದು ಕೇಳಲಿಲ್ಲ. ಅದನ್ನು ಕೇಳಿದವರು ಒಬ್ಬರೇ, ರೀಮ್ಯಾಪ್ ಮಾಡಿಕೊಟ್ಟ ಟ್ಯೂನರ್. ಅವರಿಗೆ ನಾನು ಅರ್ಧ ಸತ್ಯ ಹೇಳಿದೆ.

ನನ್ನದು 2015ರ ಕಾರು. ಬೆಂಗಳೂರಿನಲ್ಲಿ ಎರಡನೆಯ ಕೈಯಿಂದ ಕೊಂಡಿದ್ದೆ, ಕಂಪನಿಯ ವಾರಂಟಿ ಮುಗಿದಿತ್ತು, ಆಗಲೇ 52,000 ಕಿಲೋಮೀಟರ್ ಓಡಿತ್ತು. ನಿಮಗೆ ಗೊತ್ತಿರುವಂತೆ ಈ ಎಂಜಿನ್ 1197 ಸಿಸಿಯದು, ನಾಲ್ಕು ಸಿಲಿಂಡರ್‌ಗಳದ್ದು. ಕಾರ್ಖಾನೆಯಿಂದ ಬರುವಾಗ 105 ಪಿಎಸ್ (ಅಶ್ವಶಕ್ತಿ) ಶಕ್ತಿ ಮತ್ತು 1500 ಆರ್‌ಪಿಎಂನಿಂದಲೇ (ನಿಮಿಷಕ್ಕೆ 1500 ಸುತ್ತು) 175 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ₹38,000 ಕೊಟ್ಟರೆ ಇದು ಸುಮಾರು 135 ಪಿಎಸ್ ಮತ್ತು 230 ನ್ಯೂಟನ್ ಮೀಟರ್ ಆಗುತ್ತದೆ ಎಂದು ಟ್ಯೂನರ್ ಹೇಳಿದರು. ಡ್ಯಾಶ್‌ಬೋರ್ಡಿನ ಕೆಳಗಿನ ಪೋರ್ಟಿಗೆ ಲ್ಯಾಪ್‌ಟಾಪ್ ಸೇರಿಸಿ ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಸಿಕೊಟ್ಟರು. ಮರುದಿನ ನೆಲಮಂಗಲ ದಾಟಿ ಹಾಸನದ ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಆದ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ. ನಾಲ್ಕು ತಿಂಗಳ ಕಾಲ ಅದು ನಿಜಕ್ಕೂ ಬೇರೆಯೇ ಕಾರಾಗಿತ್ತು.

ಈಗ ಆ ಅರ್ಧ ಸತ್ಯದ ವಿಷಯ. ಯಾವ ಪೆಟ್ರೋಲ್ ಬಳಸುತ್ತೀರಿ ಎಂದು ಟ್ಯೂನರ್ ಕೇಳಿದಾಗ, ಯಾವಾಗಲೂ 97 ಆಕ್ಟೇನ್ ಎಂದೆ. ಮನೆಯ ಹತ್ತಿರದ ಬಂಕಿನಲ್ಲಿ ಅದು ಸಿಗುತ್ತಿತ್ತು, ನಾನು ಅದನ್ನೇ ಹಾಕಿಸುತ್ತಿದ್ದೆ, ಆ ಮಟ್ಟಿಗೆ ಮಾತು ಸರಿ. ಆದರೆ ವರ್ಷಕ್ಕೆ ಏಳೆಂಟು ಬಾರಿ ಮಲೆನಾಡಿಗೂ ಕರಾವಳಿಗೂ ಹೋಗುತ್ತೇನೆ, ಅಲ್ಲಿ ಸಿಕ್ಕ ಬಂಕಿನಲ್ಲಿ ಸಿಕ್ಕ ಪೆಟ್ರೋಲನ್ನು ಹಾಕಿಸುತ್ತೇನೆ ಎಂಬುದನ್ನು ಹೇಳಲಿಲ್ಲ. ಅವರಾಗಿಯೇ, ಇನ್ನೂ ₹5,000 ಕೊಟ್ಟರೆ ಸಾಧಾರಣ ಪೆಟ್ರೋಲಿಗೆ ಹೊಂದುವ ಎರಡನೆಯ ಫೈಲನ್ನೂ ಬರೆದುಕೊಡುತ್ತೇನೆ, ದೂರ ಹೋಗುವ ಮುನ್ನ ಬಂದು ಬದಲಿಸಿಕೊಳ್ಳಿ ಎಂದರು. ನಾನು ಬೇಡವೆಂದೆ. ಮುಂದೆ ನಡೆದದ್ದೆಲ್ಲ ಆ ಒಂದು ಮಾತಿನಿಂದಲೇ ನಡೆದದ್ದರಿಂದ, ಅದನ್ನು ಬಿಡಿಸಿ ಹೇಳುವುದು ಅವಶ್ಯ.

ಆಕ್ಟೇನ್ ಸಂಖ್ಯೆ ಪೆಟ್ರೋಲಿನ ಶಕ್ತಿಯನ್ನು ಹೇಳುವುದಿಲ್ಲ. ಕಿಡಿ ಹತ್ತುವ ಮೊದಲೇ, ಅಥವಾ ಕಿಡಿಯ ಜ್ವಾಲೆ ತಲುಪುವ ಮೊದಲೇ, ಒತ್ತಡಕ್ಕೂ ಶಾಖಕ್ಕೂ ತಾನಾಗಿ ಸಿಡಿಯದೆ ಎಷ್ಟು ತಡೆದುಕೊಳ್ಳುತ್ತದೆ ಎಂಬುದನ್ನು ಹೇಳುತ್ತದೆ. ಆಗ ನಮ್ಮ ಸಾಧಾರಣ ಪೆಟ್ರೋಲ್ 91 ಆಕ್ಟೇನಿನದು. ಕಾರ್ಖಾನೆಯವರು ಎಂಜಿನ್ ಕಂಪ್ಯೂಟರಿನ ಫೈಲ್ ಬರೆಯುವಾಗ ಕಳಪೆ ಪೆಟ್ರೋಲ್, ಬೇಸಿಗೆ, ತುಂಬಿದ ಗಾಡಿ, ಏರು ಎಲ್ಲವೂ ಒಟ್ಟಿಗೆ ಬಂದರೂ ತಾಳುವಷ್ಟು ಅವಕಾಶವನ್ನು ಉಳಿಸಿರುತ್ತಾರೆ. ರೀಮ್ಯಾಪ್ ಎಂದರೆ ಹೊಸ ಶಕ್ತಿಯನ್ನು ಸೃಷ್ಟಿಸುವುದಲ್ಲ. ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊದ ಒತ್ತಡವನ್ನು ಏರಿಸಿ, ಕಿಡಿಯನ್ನು ಇನ್ನಷ್ಟು ಬೇಗ ಹತ್ತಿಸಿ, ಹಾಗೆ ಉಳಿಸಿಟ್ಟ ಅವಕಾಶವನ್ನು ಖರ್ಚು ಮಾಡುವುದು. 97 ಆಕ್ಟೇನಿಗೆಂದು ಬರೆದ ಫೈಲು ಅದನ್ನು ಬಹುತೇಕ ಪೂರ್ತಿಯಾಗಿ ಖರ್ಚು ಮಾಡಿರುತ್ತದೆ. ಹೀಗೆ ತಾನಾಗಿ ಸಿಡಿಯುವುದನ್ನು, ಅಂದರೆ ನಾಕಿಂಗನ್ನು, ಪತ್ತೆ ಹಚ್ಚುವ ಸೆನ್ಸರ್ ಇದೆಯಲ್ಲ, ಅದು ಕಿಡಿಯನ್ನು ತಡಮಾಡಿ ಕಾಪಾಡುತ್ತದೆ ಎಂದು ನಾನೂ ವಾದಿಸುತ್ತಿದ್ದೆ. ಆದರೆ ನೇರವಾಗಿ ಸಿಲಿಂಡರಿಗೇ ಪೆಟ್ರೋಲ್ ಚಿಮ್ಮಿಸುವ ಟರ್ಬೊ ಎಂಜಿನ್‌ಗಳಲ್ಲಿ, ಕಡಿಮೆ ಆರ್‌ಪಿಎಂನಲ್ಲಿ ಹೆಚ್ಚು ಭಾರ ಹೇರಿದಾಗ ಇನ್ನೊಂದು ಬಗೆಯ ಸಿಡಿತವಾಗುತ್ತದೆ: ಕಿಡಿ ಬರುವ ಮೊದಲೇ ಮಿಶ್ರಣ ಹತ್ತಿಕೊಂಡು ಮೇಲೇರುತ್ತಿರುವ ಪಿಸ್ಟನ್ನನ್ನು ಎದುರಿನಿಂದ ಬಡಿಯುತ್ತದೆ. ಕಿಡಿಗಿಂತ ಮೊದಲೇ ಆಗುವುದನ್ನು ಕಿಡಿ ತಡಮಾಡಿ ತಡೆಯಲಾಗದು.

2019ರ ಏಪ್ರಿಲ್‌ನಲ್ಲಿ ಅಪ್ಪ, ಅಮ್ಮ, ಹೆಂಡತಿಯೊಂದಿಗೆ ಧರ್ಮಸ್ಥಳಕ್ಕೆ ಹೋಗಿ ಹಿಂದಿರುಗುವಾಗ ಉಜಿರೆಯಲ್ಲಿ ಸಾಧಾರಣ ಪೆಟ್ರೋಲ್ ತುಂಬಿಸಿದೆ. ಟ್ಯಾಂಕಿನ ಮುಕ್ಕಾಲು ಪಾಲು ಅದೇ ಆಯಿತು. ಮಧ್ಯಾಹ್ನ ಎರಡು ಗಂಟೆಯ ಬಿಸಿಲು, ಎಸಿ ಹಾಕಿತ್ತು, ಡಿಕ್ಕಿ ತುಂಬ ಸಾಮಾನು. ಚಾರ್ಮಾಡಿ ಘಾಟಿಯನ್ನು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಡಿ (ಡ್ರೈವ್) ಯಲ್ಲಿರುವಂತೆಯೇ ಹತ್ತಿದೆ. ಡಿ ಯಲ್ಲಿ ಈ ಗೇರ್‌ಬಾಕ್ಸ್ ಮೈಲೇಜ್ ಉಳಿಸಲು ಬೇಗ ಮೇಲಿನ ಗೇರಿಗೆ ಹೋಗುತ್ತದೆ. ಪ್ರತಿ ಹಿಮ್ಮುರಿ ತಿರುವಿನ ಕೊನೆಯಲ್ಲಿ ನಾನು ಅರ್ಧ ಕಾಲು ಒತ್ತಿದಾಗ, ಕೆಳಗಿನ ಟಾರ್ಕ್ ಹೆಚ್ಚಿದ್ದುದರಿಂದ ಅದು ಗೇರ್ ಇಳಿಸದೆ ಮೂರನೆಯದರಲ್ಲಿಯೇ, 1700–1800 ಆರ್‌ಪಿಎಂನಲ್ಲಿಯೇ, ಅಷ್ಟು ಭಾರವನ್ನು ಎಳೆಯುತ್ತಿತ್ತು. ಮೇಲೆ ಹೇಳಿದ ಅಪಾಯ ಇರುವುದು ಸರಿಯಾಗಿ ಆ ಜಾಗದಲ್ಲಿ. ನಿಧಾನದ ಏರಿನಲ್ಲಿ ಟರ್ಬೊದಿಂದ ಬರುವ ಬಿಸಿ ಗಾಳಿಯೂ ಸಾಕಷ್ಟು ತಣಿದಿರಲಿಲ್ಲ. ಅಣ್ಣಪ್ಪ ಸ್ವಾಮಿ ಗುಡಿ ದಾಟಿದ ಮೇಲೆ ಹೆಂಡತಿ, “ಏನ್ರೀ ಅದು, ಕಟಕಟ ಅಂತಿದೆ?” ಎಂದಳು. ಚಕ್ರಕ್ಕೆ ಜಲ್ಲಿ ಸಿಕ್ಕಿರಬೇಕು ಎಂದೆ. ತಗಡಿನ ಡಬ್ಬಿಯಲ್ಲಿ ಕಡಲೆ ಅಲುಗಿಸಿದಂಥ ಆ ಸದ್ದು ಕೇಳಿದಾಗಲೇ ಕಾಲು ತೆಗೆದು, ಕೈಯಿಂದ ಎರಡನೆಯ ಗೇರಿಗೆ ಇಳಿಸಿ, 3000 ಆರ್‌ಪಿಎಂನಲ್ಲಿ ಮೆಲ್ಲಗೆ ಹತ್ತಿದ್ದರೆ ಎಂಜಿನ್ ಉಳಿಯುತ್ತಿತ್ತೆಂದು ಇಂದಿಗೂ ನಂಬಿದ್ದೇನೆ. ಕೊಟ್ಟಿಗೆಹಾರಕ್ಕೆ ಇನ್ನೂ ಕೆಲವು ತಿರುವುಗಳಿದ್ದಾಗ ಕಾರು ನಡುಗತೊಡಗಿತು, ಚೆಕ್ ಎಂಜಿನ್ ದೀಪ ಮಿನುಗತೊಡಗಿತು, ಹಿಂದೆ ನೀಲಿ ಹೊಗೆ ಕಾಣಿಸಿತು. ಆ ದೀಪ ಸ್ಥಿರವಾಗಿ ಉರಿದರೆ ವಿಚಾರಿಸಿಕೊಂಡು ಹೋಗಬಹುದು. ಮಿನುಗಿದರೆ ತಕ್ಷಣ ನಿಲ್ಲಿಸಬೇಕು.

ಬೆಂಗಳೂರಿಗೆ ಫ್ಲ್ಯಾಟ್‌ಬೆಡ್‌ನಲ್ಲಿ ತರಲು ₹14,000 ಆಯಿತು. ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂದು ನೋಡುವ ಕಂಪ್ರೆಷನ್ ಪರೀಕ್ಷೆಯಲ್ಲಿ ಮೂರು ಸಿಲಿಂಡರ್‌ಗಳು 12 ಬಾರ್ ಆಸುಪಾಸು ತೋರಿಸಿದವು, ಮೂರನೆಯ ಸಿಲಿಂಡರ್ 5 ತೋರಿಸಿತು. ಬಿಚ್ಚಿ ನೋಡಿದಾಗ ಆ ಪಿಸ್ಟನ್ನಿನಲ್ಲಿ ಎರಡು ರಿಂಗ್‌ಗಳ ನಡುವಿನ ಅಂಚು ಮುರಿದು, ತುಣುಕು ಸಿಲಿಂಡರಿನ ಗೋಡೆಯನ್ನು ಗೀರಿತ್ತು. ಎಲ್ಲ ಸರಿಪಡಿಸಲು ಏಳು ವಾರ ಮತ್ತು ₹1,62,000 ಹಿಡಿಯಿತು. ಟ್ಯೂನರ್ ತಮ್ಮ ಬಳಿ ಉಳಿಸಿಕೊಂಡಿದ್ದ ಕಾರ್ಖಾನೆಯ ಮೂಲ ಫೈಲನ್ನು ಹಣ ತೆಗೆದುಕೊಳ್ಳದೆ ಮತ್ತೆ ಹಾಕಿಕೊಟ್ಟರು. ಅವರ ಮೇಲೆ ನನಗೆ ದೂರಿಲ್ಲ; ಕೇಳಬೇಕಾದುದನ್ನು ಅವರು ಕೇಳಿದ್ದರು.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಅರಬೈಲ್‌ನಲ್ಲಿ ಪಿಕಪ್ ಸಾಲದಿರುವುದಕ್ಕೆ 105 ಪಿಎಸ್ ಕಡಿಮೆಯಾಗಿರುವುದು ಕಾರಣವೆಂದು ನೀವು ಹಿಡಿದಿದ್ದೀರಿ, ಆದರೆ ನಿಮ್ಮ ಕಾರು ಇಂದು ಆ 105ನ್ನು ಕೊಡುತ್ತಿದೆಯೇ ಎಂಬುದನ್ನು ನೋಡಿಲ್ಲ. ಈ ಬಗೆಯ ಎಂಜಿನ್‌ನಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೆ ಹೋಗುವುದರಿಂದ ಒಳಗಾಳಿಯ ವಾಲ್ವ್‌ಗಳನ್ನು ತೊಳೆಯುವವರಿಲ್ಲ. ಅವುಗಳ ಬೆನ್ನಿನ ಮೇಲೆ ಮಸಿ ಕಟ್ಟುತ್ತಾ ಹೋಗುತ್ತದೆ, 68,000 ಕಿಲೋಮೀಟರಿಗೆ ಅದು ಸಾಕಷ್ಟು ದಪ್ಪವಾಗಿರಬಹುದು. ಕ್ಯಾಮೆರಾ ಇಳಿಸಿ ನೋಡಿಸಿ. ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ರಭಸದಲ್ಲಿ ಹೊಡೆದು ಅದನ್ನು ತೆಗೆಯುವ ಗ್ಯಾರೇಜುಗಳಿವೆ. ಸ್ಪಾರ್ಕ್ ಪ್ಲಗ್ ಹಳೆಯವಾಗಿದ್ದರೆ ಬದಲಿಸಿ. ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಷನ್ ಬರೆಯಿಸಿಕೊಳ್ಳಿ. ಜೊತೆಗೆ, ಘಾಟಿ ಏರುವಾಗ ಡಿ ಬಿಟ್ಟು, ಬೇಗ ಮೇಲಿನ ಗೇರಿಗೆ ಹೋಗದ ಎಸ್‌ಗೆ (ಸ್ಪೋರ್ಟ್) ಹಾಕಿ ಒಮ್ಮೆ ಓಡಿಸಿ. ಲಾರಿಯ ಹಿಂದೆ ನಿಮಗೆ ಬೇಕಾದ ಪಿಕಪ್‌ನ ಬಹುಪಾಲು ಅಲ್ಲಿಯೇ, ಬಿಡಿಗಾಸಿನ ಖರ್ಚಿಲ್ಲದೆ ಸಿಗುತ್ತದೆ.

ತಯಾರಕರೇ ಪೋಲೊವನ್ನು ವೇಗಗೊಳಿಸಲು ಹೊರಟಾಗ ಏನು ಮಾಡಿದರು ಎಂಬುದನ್ನೂ ಗಮನಿಸಿ. 2016ರಲ್ಲಿ ಭಾರತಕ್ಕೆ ಬಂದ ಪೋಲೊ ಜಿಟಿಐನಲ್ಲಿ 1.8 ಲೀಟರಿನ, 192 ಪಿಎಸ್ ಎಂಜಿನ್ ಇತ್ತು, ನಮ್ಮ ಕಾರುಗಳ ಹಿಂದಿನ ಚಕ್ರಗಳಲ್ಲಿರುವ ಡ್ರಮ್ ಬ್ರೇಕಿನ ಬದಲು ಡಿಸ್ಕ್ ಇತ್ತು. ಯುರೋಪಿನಲ್ಲಿ ಅದೇ ಎಂಜಿನ್ನನ್ನು ಮ್ಯಾನುಯಲ್ ಗೇರ್‌ಬಾಕ್ಸ್ ಜೊತೆ ಕೊಟ್ಟಾಗ 320 ನ್ಯೂಟನ್ ಮೀಟರ್ ಬಿಟ್ಟರು. ಏಳು ಗೇರಿನ ಡಿಎಸ್‌ಜಿ ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಜೊತೆ ಕೊಟ್ಟಾಗ 250ಕ್ಕೆ ಕಟ್ಟಿಹಾಕಿದರು. ಒಣ (ಎಣ್ಣೆಯಲ್ಲಿ ಮುಳುಗಿರದ) ಕ್ಲಚ್‌ನ ಆ ಗೇರ್‌ಬಾಕ್ಸಿನ ಮಿತಿಯೇ 250. ನಮ್ಮ ಜಿಟಿ ಟಿಎಸ್‌ಐನಲ್ಲಿರುವುದೂ ಒಣ ಕ್ಲಚ್‌ನ ಏಳು ಗೇರಿನ ಡಿಎಸ್‌ಜಿಯೇ. ರೀಮ್ಯಾಪ್‌ನಿಂದ ಟಾರ್ಕನ್ನು 230ಕ್ಕೆ ಏರಿಸಿ, ಅದನ್ನು ಮಾಡಿದವರೇ ದಾಟದ ಗೆರೆಯ ಅಂಚಿಗೆ ಹಳೆಯ ಕ್ಲಚ್ಚನ್ನು ತಂದು ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ.

ನಾನು ಕಾರು ಸರಿಯಾದ ಮೇಲೆ ಮೂಲ ಫೈಲಿನಲ್ಲಿಯೇ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಒಂದು ದಿನ ಹೋದೆ. ಮೂರನೆಯ ಸುತ್ತಿಗೇ ಬ್ರೇಕ್ ಪೆಡಲ್ ಮೆತ್ತಗಾಯಿತು. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಆಗ ಬಿಸಿಗೆ ಬೇಗ ಕುದಿದು ಪೆಡಲ್ ಮೆತ್ತಗಾಗುತ್ತದೆ. ಡಾಟ್ 4 ದರ್ಜೆಯ ಎಣ್ಣೆ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದೆ ತಾಳಬೇಕು, ತೇವ ಹೀರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತದೆ. 105 ಪಿಎಸ್ ಇದ್ದಾಗಲೇ ನಿಲ್ಲಲು ಸರಿಯಾಗಿ ಬರದ ಕಾರಿನಲ್ಲಿ ನಾನು ನಾಲ್ಕು ತಿಂಗಳು 135 ಪಿಎಸ್ ಇಟ್ಟುಕೊಂಡು, ಮನೆಯವರನ್ನು ಕೂರಿಸಿಕೊಂಡು ಘಾಟಿ ಇಳಿದಿದ್ದೆ ಎಂಬುದು ಅಲ್ಲಿ ಅರಿವಾಯಿತು. ಎಂಜಿನ್ ಮುರಿದದ್ದಕ್ಕಿಂತ ಅದು ನನ್ನನ್ನು ಹೆಚ್ಚು ಕಾಡಿತು. ಬ್ರೇಕ್ ಎಣ್ಣೆ, ಮುಂದಿನ ಪ್ಯಾಡ್‌ಗಳು, ನಾಲ್ಕು ಒಳ್ಳೆಯ ಟೈರುಗಳನ್ನು ಹಾಕಿಸಿ ಇನ್ನೊಮ್ಮೆ ಹೋದಾಗ, ಅದೇ ಎಂಜಿನ್‌ನಲ್ಲಿ ಪ್ರತಿ ಸುತ್ತಿಗೆ ಆರು ಸೆಕೆಂಡು ಬೇಗ ಬಂದೆ. ನಿಮ್ಮ ₹1.5 ಲಕ್ಷದಲ್ಲಿ ಮೊದಲು ಮಾಡಬೇಕಾದದ್ದು ಇದೇ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ಇಸವಿ. ಆರು ವರ್ಷ ದಾಟಿದ್ದರೆ ಮೇಲೆ ಎಷ್ಟೇ ರಬ್ಬರ್ ಉಳಿದಿದ್ದರೂ ತೆಗೆಸಿ.

ಡೌನ್‌ಪೈಪ್ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಹೊಗೆಯ ವಿಷಾಂಶ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದ ಪೈಪು ಹೊಗೆಯ ನಿಯಮಕ್ಕೆ ವಿರುದ್ಧ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿದಿದೆ. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ದಿನ ಕ್ಲೇಮಿಗೆ ಅಡ್ಡ ಬರಬಹುದು. ಇಂಟೇಕ್ ಹಾಕಿಸಿದರೆ ಟರ್ಬೊದ ಸದ್ದು ಚೆನ್ನಾಗಿ ಕೇಳುತ್ತದೆ, ಅಷ್ಟೆ.

ಇಷ್ಟು ಓದಿಯೂ ರೀಮ್ಯಾಪ್ ಬೇಕೇ ಬೇಕೆನಿಸಿದರೆ, ಹುಬ್ಬಳ್ಳಿಯಿಂದ ಅಂಕೋಲೆಯವರೆಗಿನ ದಾರಿಯಲ್ಲಿ ಸಿಗುವ ಅತಿ ಸಾಧಾರಣ ಪೆಟ್ರೋಲಿಗೆಂದೇ ಫೈಲ್ ಬರೆಯಿಸಿ, 2500 ಆರ್‌ಪಿಎಂಗಿಂತ ಕೆಳಗೆ ಟಾರ್ಕ್ ಏರಿಸಬೇಡಿ ಎಂದು ಸ್ಪಷ್ಟವಾಗಿ ಹೇಳಿ. ಯಾರೋ ಕೆಲವು ವರ್ಷಗಳ ಹಿಂದೆ ಬರೆದಿಟ್ಟ ಸಿದ್ಧ ಫೈಲನ್ನು ಒಪ್ಪಬೇಡಿ. ಈಗ ಬಂಕಿನಲ್ಲಿ ಬರುತ್ತಿರುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇದೆ, ಎಥನಾಲ್‌ನಲ್ಲಿ ಶಕ್ತಿಯ ಅಂಶ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ, ಆದ್ದರಿಂದ ಅಷ್ಟೇ ಕೆಲಸಕ್ಕೆ ಚಿಮ್ಮಬೇಕಾದ ಇಂಧನದ ಪ್ರಮಾಣವೇ ಬೇರೆ. ಮೂಲ ಫೈಲಿನ ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಅದಕ್ಕೂ ಮೊದಲು ನಾಲ್ಕು ಸಿಲಿಂಡರ್‌ಗಳ ಕಂಪ್ರೆಷನ್ ಅಂಕಿಗಳನ್ನು ತೆಗೆಸಿ ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.